ಕಪಾಟಿನಲ್ಲಿ ಉಳಿದ ಸಿ.ಡಿ.

2022ರ ಬೇಸಿಗೆಯ ಒಂದು ಸಂಜೆ ಹಾನಗಲ್ ಕಡೆಯ ಹಳ್ಳಿಯೊಂದರಿಂದ ಒಬ್ಬ ತಾಯಿ ನನ್ನನ್ನು ಕಾಣಲು ಬಂದರು. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಒಂದು ಸಿ.ಡಿ. ಅವರ ಕೈಯಲ್ಲಿತ್ತು. ಅವರ ಪತಿ ಆ ಭಾಗದ ಶಾಲೆಯೊಂದರಲ್ಲಿ ಬಹುಕಾಲ ಅಧ್ಯಾಪಕರಾಗಿದ್ದವರು. ಹಿಂದಿನ ವರ್ಷ ಕೋವಿಡ್‌ನ ಎರಡನೆಯ ಅಲೆಯಲ್ಲಿ ತೀರಿಕೊಂಡಿದ್ದರು. "ಇದರಾಗ ಅವರ ದನಿ ಐತ್ರಿ ಫಾದರ್. ಯಾವ ಕಂಪ್ಯೂಟರಿನ್ಯಾಗ ಹಾಕಿದ್ರೂ ತೆರೀವಲ್ತ್ರಿ. ಶಾಲಿ ಕಪಾಟಿನ್ಯಾಗ ಇದೊಂದ ಉಳದಿತ್ತು. ನೀವರ ಒಂದಿಷ್ಟ ನೋಡ್ರಿ" ಎಂದರು.

ಆ ಸಿ.ಡಿ. ನನಗೆ ಹೊಸದಾಗಿರಲಿಲ್ಲ. 2004ರಲ್ಲಿ ಅದರ ಮೊದಲ ಪ್ರದರ್ಶನ ನಡೆದಾಗ ನಾನೂ ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದ್ದೆ. ವರದಾ ನದಿಯನ್ನು ಕುರಿತ ಇಪ್ಪತ್ತು ನಿಮಿಷಗಳ ಪಾಠವದು. ಹುಬ್ಬಳ್ಳಿಯಲ್ಲಿ ಮಲ್ಟಿಮೀಡಿಯಾ ಕಲಿತು ಬಂದಿದ್ದ ಸವಣೂರಿನ ತರುಣನೊಬ್ಬನ ನೆರವಿನಿಂದ ಆ ಅಧ್ಯಾಪಕರು ಅದನ್ನು ಸಿದ್ಧಪಡಿಸಿದ್ದರು. ಪರದೆಯ ಮೇಲೆ ಮಲೆನಾಡಿನ ಬೆಟ್ಟದಿಂದ ಒಂದು ನೀಲಿ ಗೆರೆ ಹೊರಟು, ನಮ್ಮ ಹೊಲಗದ್ದೆಗಳ ನಡುವೆ ಬಳುಕಿ, ಕೊನೆಗೆ ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುತ್ತಿತ್ತು. ಮಕ್ಕಳು ಊರಿನ ಹೆಸರನ್ನು ಒತ್ತಿದರೆ ಆ ಊರಿನ ಚಿತ್ರ ಮೂಡಿಬರುತ್ತಿತ್ತು. ನನಗೂ ಒಂದು ಪ್ರತಿ ಕೊಟ್ಟಿದ್ದರು. ವರ್ಗಾವಣೆಯ ಗಡಿಬಿಡಿಯಲ್ಲಿ ಅದನ್ನು ನಾನು ಎಲ್ಲಿಯೋ ಕಳೆದುಕೊಂಡೆ. ಆ ತಾಯಿಯ ಮುಂದೆ ಕುಳಿತಾಗ ಅದನ್ನು ಹೇಳಲು ನಾಚಿಕೆಯಾಯಿತು.

ಒಬ್ಬ ಅಧ್ಯಾಪಕರ ದುಡಿಮೆ ಹದಿನೆಂಟೇ ವರ್ಷಗಳಲ್ಲಿ ತೆರೆಯಲಾಗದ ಪೆಟ್ಟಿಗೆಯಾದದ್ದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಒಂದು ಇಡೀ ಕಾಲದ ಕಥೆಯೇ ಎದುರಾಗುತ್ತದೆ. ನಮ್ಮ ಮನೆಗಳಿಗೂ ಸಂಬಂಧಿಸಿದ ಕಥೆ ಅದು.

ರಂಗೋಲಿಯ ಲೆಕ್ಕ

ಕಂಪ್ಯೂಟರಿನಲ್ಲಿ ಅಕ್ಷರ, ಚಿತ್ರ, ಧ್ವನಿ, ಚಲನೆ ಇವೆಲ್ಲವನ್ನೂ ಒಟ್ಟುಗೂಡಿಸುವ ಪ್ರಯತ್ನ 1980ರ ದಶಕದಲ್ಲಿಯೇ ಆರಂಭವಾಗಿತ್ತು. 1985ರಲ್ಲಿ ಅಮೆರಿಕದ ಮ್ಯಾಕ್ರೋಮೈಂಡ್ ಎಂಬ ಸಂಸ್ಥೆ 'ವಿಡಿಯೋವರ್ಕ್ಸ್' ಎಂಬ ತಂತ್ರಾಂಶವನ್ನು ಹೊರತಂದಿತು. ಅದೇ ಮುಂದೆ 'ಡೈರೆಕ್ಟರ್' ಎಂದು ಹೆಸರಾಯಿತು. 1990ರ ದಶಕದಲ್ಲಿ ಸಿ.ಡಿ.ಗಳ ಮೂಲಕ ಹರಡಿದ ಪಾಠಗಳು, ಆಟಗಳು ಅನೇಕವಾಗಿ ಅದರಿಂದ ಹುಟ್ಟಿದವು. 1992ರಲ್ಲಿ ಈ ಸಂಸ್ಥೆ ಬೇರೊಂದರ ಜೊತೆ ಬೆರೆತು 'ಮ್ಯಾಕ್ರೋಮೀಡಿಯಾ' ಆಯಿತು.

ಸಿ.ಡಿ.ಯಲ್ಲಿ ಸುಮಾರು 650 ಮೆಗಾಬೈಟ್‌ಗಳಷ್ಟು ಸ್ಥಳವಿತ್ತು. ಅಂತರಜಾಲದಲ್ಲಿ ಆ ಸೌಕರ್ಯವಿರಲಿಲ್ಲ. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸೇವೆ ದೊರೆತದ್ದು 1995ರ ಆಗಸ್ಟ್ 15ರಂದು. ದೂರವಾಣಿಯ ತಂತಿಯ ಮೂಲಕ ಬರುತ್ತಿದ್ದ ಆ ಸಂಪರ್ಕದಲ್ಲಿ ಒಂದು ಛಾಯಾಚಿತ್ರ ಮೇಲಿನಿಂದ ಕೆಳಗೆ ಇಳಿದು ಪೂರ್ಣವಾಗುವಷ್ಟರಲ್ಲಿ ಚಹಾ ಕುಡಿದು ಬರಬಹುದಿತ್ತು. ಅಂಥ ಸಣ್ಣ ತೂಬಿನಲ್ಲಿ ಚಲಿಸುವ ಚಿತ್ರ ಹರಿಯುವುದಾದರೂ ಹೇಗೆ?

ಇದಕ್ಕೆ ಪರಿಹಾರ ಕಂಡವರಲ್ಲಿ ಜೊನಾಥನ್ ಗೇ ಎಂಬ ತಂತ್ರಜ್ಞರು ಮುಖ್ಯರು. ಅವರ ಫ್ಯೂಚರ್‌ವೇವ್ ಎಂಬ ಚಿಕ್ಕ ಸಂಸ್ಥೆ 1996ರಲ್ಲಿ 'ಫ್ಯೂಚರ್‌ಸ್ಪ್ಲ್ಯಾಶ್ ಅನಿಮೇಟರ್' ಎಂಬ ತಂತ್ರಾಂಶವನ್ನು ಬಿಡುಗಡೆ ಮಾಡಿತು. ಅದೇ ವರ್ಷದ ಕೊನೆಯಲ್ಲಿ ಮ್ಯಾಕ್ರೋಮೀಡಿಯಾ ಆ ಸಂಸ್ಥೆಯನ್ನು ಕೊಂಡು, ತಂತ್ರಾಂಶಕ್ಕೆ 'ಫ್ಲ್ಯಾಶ್' ಎಂದು ಹೆಸರಿಟ್ಟಿತು. 1997ರ ಆಗಸ್ಟ್ 24ರಂದು ಧಾರವಾಡದಿಂದ ಬೇರ್ಪಟ್ಟು ನಮ್ಮ ಹಾವೇರಿ ಜಿಲ್ಲೆ ಹುಟ್ಟುವ ಹೊತ್ತಿಗೆ ಫ್ಲ್ಯಾಶ್ ಕೂಡ ಅಂಬೆಗಾಲಿಡುತ್ತಿತ್ತು.

ಅದರ ಒಳಗುಟ್ಟು ನಮ್ಮ ತಾಯಂದಿರಿಗೆ ಹೊಸದಲ್ಲ. ಅಂಗಳದ ರಂಗೋಲಿಯನ್ನು ಇನ್ನೊಂದು ಊರಿಗೆ ಕಳುಹಿಸಬೇಕಾದರೆ ಎರಡು ದಾರಿಗಳಿವೆ. ಅದರ ಫೋಟೋ ತೆಗೆದು ಕಳುಹಿಸುವುದು ಒಂದು ದಾರಿ. "ಏಳರಿಂದ ನಾಲ್ಕು ಚುಕ್ಕೆ, ಇಂಥ ಚುಕ್ಕೆಯಿಂದ ಇಂಥದಕ್ಕೆ ಗೆರೆ ಎಳೆ" ಎಂದು ಹೇಳಿ ಕಳುಹಿಸುವುದು ಇನ್ನೊಂದು. ಎರಡನೆಯದಕ್ಕೆ ಒಂದು ಸಾಲಿನ ಮಾತು ಸಾಕು. ಫ್ಲ್ಯಾಶ್ ಚಿತ್ರಗಳನ್ನು ಹಾಗೆಯೇ, ಗೆರೆಗಳ ಗಣಿತವಾಗಿ ಕಳುಹಿಸುತ್ತಿತ್ತು. ನೋಡುವವನ ಕಂಪ್ಯೂಟರಿನಲ್ಲಿದ್ದ 'ಪ್ಲೇಯರ್' ಎಂಬ ಕಿರುತಂತ್ರಾಂಶ ಆ ಸೂಚನೆಗಳನ್ನು ಓದಿ ಅಲ್ಲಿಯೇ ಚಿತ್ರ ಬರೆಯುತ್ತಿತ್ತು. ಚಲನೆಗೂ ಇದೇ ಯುಕ್ತಿ. ದೋಣಿಯು ಆರಂಭದಲ್ಲಿ ಎಲ್ಲಿತ್ತು, ಕೊನೆಗೆ ಎಲ್ಲಿರಬೇಕು ಎಂಬ ಎರಡು ಚಿತ್ರಗಳನ್ನು ಕಲಾವಿದ ಕೊಟ್ಟರೆ ನಡುವಿನ ಚಿತ್ರಗಳನ್ನು ಯಂತ್ರವೇ ತುಂಬುತ್ತಿತ್ತು. ಮನುಷ್ಯಾಕೃತಿಗಳ ಕೈ, ಕಾಲು, ತಲೆಗಳನ್ನು ಬೇರೆ ಬೇರೆಯಾಗಿ ಮಾಡಿ ಜೋಡಿಸುವ ಕ್ರಮವಂತೂ ನಮ್ಮ ತೊಗಲುಗೊಂಬೆಯಾಟದವರು ತಲೆತಲಾಂತರದಿಂದ ಬಲ್ಲದ್ದು.

ಇನ್ನೊಂದು ವಿಶೇಷವೂ ಇತ್ತು. ಚಲನಚಿತ್ರ ತಯಾರಿಸಲು ದೊಡ್ಡ ಬಂಡವಾಳ, ದೊಡ್ಡ ತಂಡ ಬೇಕು. ಫ್ಲ್ಯಾಶ್‌ನಲ್ಲಿ ಒಬ್ಬ ವ್ಯಕ್ತಿ, ಒಂದು ಕಂಪ್ಯೂಟರ್, ಕೆಲವು ರಾತ್ರಿಗಳ ನಿದ್ದೆ ಇದ್ದರೆ ಸಾಕಾಗಿತ್ತು. 2000ದಲ್ಲಿ 'ಆಕ್ಷನ್‌ಸ್ಕ್ರಿಪ್ಟ್' ಎಂಬ ಆಜ್ಞಾಭಾಷೆ ಸೇರಿದ ಮೇಲೆ ಪ್ರಶ್ನೋತ್ತರ, ಆಟ, ಪ್ರಯೋಗಶಾಲೆಯ ಅನುಕರಣೆ ಎಲ್ಲವೂ ಅದರಲ್ಲಿ ಸಾಧ್ಯವಾದವು. 2005ರಲ್ಲಿ ಯೂಟ್ಯೂಬ್ ಆರಂಭವಾದಾಗ ಅದು ವಿಡಿಯೋ ತೋರಿಸಿದ್ದೂ ಫ್ಲ್ಯಾಶ್‌ನ ಮೂಲಕವೇ.

ಕನ್ನಡ ಶಾಲೆಗಳಿಗೆ ಬಂದ ಪರದೆ

ಕರ್ನಾಟಕದಲ್ಲಿ ಈ ಅಲೆ ಶಾಲೆಗಳ ಬಾಗಿಲಿಗೆ ಬಂದದ್ದು ಹೊಸ ಶತಮಾನದ ಆರಂಭದಲ್ಲಿ. 2001ರಲ್ಲಿ ರಾಜ್ಯ ಸರ್ಕಾರ 'ಮಾಹಿತಿ ಸಿಂಧು' ಯೋಜನೆಯಡಿ ಸುಮಾರು 1000 ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣ ಒದಗಿಸಲು ಮುಂದಾಯಿತು. ಅದೇ ಹೊತ್ತಿಗೆ ಕಾರ್ಯಾರಂಭ ಮಾಡಿದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಸರ್ಕಾರದೊಡನೆ ಸೇರಿ ಗ್ರಾಮೀಣ ಪ್ರಾಥಮಿಕ ಶಾಲೆಗಳಲ್ಲಿ ಕಂಪ್ಯೂಟರ್ ಆಧಾರಿತ ಕಲಿಕಾ ಕೇಂದ್ರಗಳನ್ನು ತೆರೆಯಿತು. ಪಠ್ಯವನ್ನು ಅನುಸರಿಸಿದ ಕನ್ನಡದ ಮಲ್ಟಿಮೀಡಿಯಾ ಸಿ.ಡಿ.ಗಳನ್ನು ಸಿದ್ಧಪಡಿಸಿ ಹಂಚಿತು. ಭಿನ್ನರಾಶಿಯ ಲೆಕ್ಕವನ್ನು ಕಥೆಯಾಗಿ, ಆಟವಾಗಿ ಕನ್ನಡದಲ್ಲಿಯೇ ಕಲಿಯುವ ಅವಕಾಶ ಹಳ್ಳಿಯ ಮಕ್ಕಳಿಗೆ ಒದಗಿದ್ದು ಸಣ್ಣ ಸಂಗತಿಯಲ್ಲ.

ಆ ದಿನಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಕಂಪ್ಯೂಟರಿನ ಮುಂದೆ ನಾಲ್ಕು ಮಕ್ಕಳು. ಮೌಸ್ ಹಿಡಿಯಲು ಪಾಳಿ. ಪಾಠ ಅರ್ಧಕ್ಕೆ ಬಂದಾಗ ಕರೆಂಟು ಹೋಗುವುದು, ಯು.ಪಿ.ಎಸ್. ಕೂಗತೊಡಗುವುದು, "ಅಕ್ಕಾರ, ಹೋತ್ರಿ!" ಎಂದು ಮಕ್ಕಳೆಲ್ಲ ಒಟ್ಟಿಗೆ ಅರಚುವುದು. ಚಪ್ಪಲಿಗಳನ್ನು ಹೊರಗೆ ಬಿಟ್ಟು ಗುಡಿಗೆ ಬಂದಂತೆ ಆ ಕೋಣೆಗೆ ಬರುತ್ತಿದ್ದ ಮಕ್ಕಳ ಮುಖದ ಬೆರಗು ನನಗೆ ಈಗಲೂ ನೆನಪಿದೆ.

ಆದರೆ ಕನ್ನಡಕ್ಕೆ ಅಲ್ಲಿ ಒಂದು ವಿಶೇಷ ತೊಡಕಿತ್ತು. ನಮ್ಮ ಲಿಪಿಯಲ್ಲಿ ಗುಣಿತವಿದೆ, ಒತ್ತಕ್ಷರವಿದೆ. ಅಕ್ಷರಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಸಾಲದು. ಕನ್ನಡಕ್ಕೆ ಯುನಿಕೋಡ್ ಸಂಕೇತಗಳು 1991ರಲ್ಲಿಯೇ ನಿಗದಿಯಾಗಿದ್ದರೂ ಅವು ಜನಬಳಕೆಗೆ ಬರಲು ಬಹಳ ಕಾಲ ಹಿಡಿಯಿತು. ಅಷ್ಟರವರೆಗೆ ನಮ್ಮ ಕೈ ಹಿಡಿದದ್ದು 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ರೂಪಿಸಿದ 'ಬರಹ' ಮತ್ತು ಸರ್ಕಾರದ ಆಶ್ರಯದಲ್ಲಿ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ 'ನುಡಿ'. ಇವುಗಳ ಅಂದಿನ ಅಕ್ಷರಮಾದರಿಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ರೂಪಗಳನ್ನು ಕೂರಿಸಿದ್ದವು. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಅದು ಕನ್ನಡ. ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಂತೆ. ಮುಂದಾಲೋಚನೆಯಿದ್ದ ಕಲಾವಿದರು ಅಕ್ಷರಗಳನ್ನೇ ಗೆರೆಯ ಚಿತ್ರಗಳಾಗಿ ಮಾರ್ಪಡಿಸಿ ಸಿ.ಡಿ.ಯಲ್ಲಿ ಇಡುತ್ತಿದ್ದರು. ಎಲ್ಲರಿಗೂ ಅದು ಹೊಳೆಯುತ್ತಿರಲಿಲ್ಲ.

ಸಿ.ಡಿ.ಗಳ ಮಿತಿಯೂ ಬೇಗನೆ ತಿಳಿಯಿತು. ಗುತ್ತಿಗೆ ಮುಗಿದು ಬೋಧಕರು ಹೊರಟುಹೋದ ಮೇಲೆ ಎಷ್ಟೋ ಕಡೆ ಯಂತ್ರಗಳು ಬಟ್ಟೆ ಹೊದ್ದು ಕುಳಿತವು. ಕಂಪ್ಯೂಟರು ಶಿಕ್ಷಕರ ಸ್ಥಾನವನ್ನು ತುಂಬಲಾರದು, ಒಳ್ಳೆಯ ಶಿಕ್ಷಕರನ್ನು ರೂಪಿಸುವುದೇ ಮುಖ್ಯ ಎಂಬ ಅರಿವಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ಹೊಣೆ ಹೊತ್ತವರೇ ಬಂದರು. ಅದನ್ನು ಮುಚ್ಚಿಡದೆ ಬರೆದರು. ತಾವು ನೆಟ್ಟ ಗಿಡದ ಫಲವನ್ನು ತಾವೇ ತೂಗಿ ನೋಡಿ ಸತ್ಯ ಹೇಳುವ ಈ ಧೈರ್ಯ ಎಲ್ಲ ಸಂಸ್ಥೆಗಳಿಗೂ ಬೇಕಾದದ್ದು.

ಹಾಗೆಂದು ಆ ಕಾಲದ ಶ್ರಮ ವ್ಯರ್ಥವಾಯಿತೆನ್ನಲು ನನಗೆ ಮನಸ್ಸಿಲ್ಲ. ಶಿಗ್ಗಾವಿ, ಹಿರೇಕೆರೂರುಗಳಿಂದ ಬಸ್ಸಿನಲ್ಲಿ ಹುಬ್ಬಳ್ಳಿ, ದಾವಣಗೆರೆಗಳಿಗೆ ಹೋಗಿ ಕೋರೆಲ್‌ಡ್ರಾ, ಫೋಟೋಶಾಪ್, ಫ್ಲ್ಯಾಶ್ ಕಲಿತು ಬಂದ ತರುಣರನ್ನು ನಾನು ಬಲ್ಲೆ. ಅವರಲ್ಲಿ ಕೆಲವರು ಬೆಂಗಳೂರಿನ ಕಂಪನಿಗಳನ್ನು ಸೇರಿದರು. ಕೆಲವರು ಊರಿನಲ್ಲಿಯೇ ಮದುವೆಯ ಆಲ್ಬಮ್, ಲಗ್ನಪತ್ರಿಕೆ, ಫ್ಲೆಕ್ಸ್ ಮಾಡಿಕೊಂಡು ಸಂಸಾರ ನಡೆಸಿದರು. ಚಿತ್ರ ಬರೆಯುವ ಕೈಗೂ ಅನ್ನವಿದೆ ಎಂಬ ಭರವಸೆ ಹಳ್ಳಿಯ ಮನೆಗಳಿಗೆ ಬಂದದ್ದು ಆಗಲೇ.

ಬೀಗ ಹಾಕಿದವರು

ಫ್ಲ್ಯಾಶ್‌ನ ಬಲವೇ ಅದರ ದೌರ್ಬಲ್ಯವಾಗಿತ್ತು. ಅದು ಒಂದೇ ಕಂಪನಿಯ ಸೊತ್ತು. ಅದರ ಪ್ಲೇಯರ್ ಇಲ್ಲದಿದ್ದರೆ ಚಿತ್ರವಿಲ್ಲ. 2005ರ ಡಿಸೆಂಬರ್‌ನಲ್ಲಿ ಅಡೋಬಿ ಸಂಸ್ಥೆ ಸುಮಾರು 340 ಕೋಟಿ ಡಾಲರುಗಳಿಗೆ ಮ್ಯಾಕ್ರೋಮೀಡಿಯಾವನ್ನು ಕೊಂಡಿತು. 2007ರಲ್ಲಿ ಬಂದ ಆಪಲ್‌ನ ಐಫೋನ್ ಫ್ಲ್ಯಾಶನ್ನು ಒಳಗೆ ಬಿಡಲಿಲ್ಲ. 2010ರ ಏಪ್ರಿಲ್‌ನಲ್ಲಿ ಸ್ಟೀವ್ ಜಾಬ್ಸ್ ಬಹಿರಂಗ ಪತ್ರವೊಂದನ್ನು ಬರೆದು ಕಾರಣಗಳನ್ನು ಪಟ್ಟಿಮಾಡಿದರು. ಅದು ಬ್ಯಾಟರಿಯನ್ನು ತಿನ್ನುತ್ತದೆ, ಸುರಕ್ಷತೆಯಲ್ಲಿ ದುರ್ಬಲ, ಬೆರಳಿನ ಸ್ಪರ್ಶಕ್ಕೆ ಹೊಂದುವುದಿಲ್ಲ, ಮೇಲಾಗಿ ಅದು ಒಬ್ಬರ ಹಿಡಿತದಲ್ಲಿದೆ ಎಂದರು. ಆಪಲ್‌ನ ಅಂಗಡಿಯ ಬಾಗಿಲೂ ಒಬ್ಬರ ಹಿಡಿತದಲ್ಲಿಯೇ ಇತ್ತೆಂಬುದು ಬೇರೆ ಮಾತು. ಆದರೆ ಹೇಳಿದ ದೋಷಗಳಲ್ಲಿ ಹುರುಳಿತ್ತು. ಫ್ಲ್ಯಾಶ್‌ನ ಬಿರುಕುಗಳ ಮೂಲಕ ಕಳ್ಳರು ಕಂಪ್ಯೂಟರುಗಳೊಳಗೆ ನುಗ್ಗುವುದು ಪದೇಪದೇ ನಡೆಯುತ್ತಿತ್ತು.

ಅಷ್ಟರಲ್ಲಿ ಯಾವ ಕಂಪನಿಯ ಸೊತ್ತೂ ಅಲ್ಲದ ಮುಕ್ತ ಮಾನಕವೊಂದು ಸಿದ್ಧವಾಗಿತ್ತು. 2014ರ ಅಕ್ಟೋಬರ್‌ನಲ್ಲಿ ಎಚ್.ಟಿ.ಎಂ.ಎಲ್. 5 ಅಧಿಕೃತವಾಯಿತು, 2015ರಲ್ಲಿ ಯೂಟ್ಯೂಬ್ ಅದನ್ನೇ ತನ್ನ ಮುಖ್ಯ ಕ್ರಮವನ್ನಾಗಿ ಮಾಡಿಕೊಂಡಿತು. 2017ರ ಜುಲೈನಲ್ಲಿ ಅಡೋಬಿ ಮೂರು ವರ್ಷಗಳ ಅವಧಿ ಕೊಟ್ಟು ಅಂತ್ಯವನ್ನು ಸಾರಿತು. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಪ್ಲೇಯರ್‌ನ ಪೋಷಣೆ ನಿಂತಿತು. 2021ರ ಜನವರಿ 12ರಿಂದ ಪ್ಲೇಯರ್ ತಾನೇ ಚಿತ್ರಗಳನ್ನು ತೋರಿಸಲು ನಿರಾಕರಿಸಿತು. ಶಾಲೆಗಳು ಮುಚ್ಚಿ, ಮಕ್ಕಳು ಮನೆಯಲ್ಲಿ ಕುಳಿತು ಚಂದನ ವಾಹಿನಿಯ 'ಸಂವೇದ' ಪಾಠಗಳನ್ನು ನೋಡುತ್ತಿದ್ದ ಅದೇ ಕಾಲದಲ್ಲಿ, ಇಪ್ಪತ್ತು ವರ್ಷಗಳ ಪಾಠಗಳ ಭಂಡಾರವೊಂದಕ್ಕೆ ಸದ್ದಿಲ್ಲದೆ ಬೀಗ ಬಿತ್ತು.

ಉಳಿಸಿಕೊಂಡವರು

ಆದರೂ ಎಲ್ಲವೂ ಅಳಿಯಲಿಲ್ಲ. 'ರಫಲ್' ಎಂಬ ಮುಕ್ತ ತಂತ್ರಾಂಶವನ್ನು ಸ್ವಯಂಸೇವಕರು ಬರೆದರು. ಅದು ಹಳೆಯ ಪ್ಲೇಯರ್‌ನ ಕೆಲಸವನ್ನು ಹೊಸ ಯಂತ್ರದಲ್ಲಿ ಅನುಕರಿಸುತ್ತದೆ. 2020ರ ನವೆಂಬರ್‌ನಲ್ಲಿ ಇಂಟರ್‌ನೆಟ್ ಆರ್ಕೈವ್ ಎಂಬ ಅಂತರಜಾಲ ಗ್ರಂಥಾಲಯ ಅದರ ನೆರವಿನಿಂದ ಹಳೆಯ ಫ್ಲ್ಯಾಶ್ ಕೃತಿಗಳನ್ನು ಸಂಗ್ರಹಿಸಿ ಮತ್ತೆ ತೋರಿಸತೊಡಗಿತು. ಭೌತಶಾಸ್ತ್ರದಲ್ಲಿ ನೊಬೆಲ್ ಪಡೆದ ಕಾರ್ಲ್ ವೀಮನ್ ಅವರು 2002ರಲ್ಲಿ ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ 'ಫೆಟ್' ಎಂಬ ವಿಜ್ಞಾನ ಪ್ರಯೋಗಗಳ ಮಾಲೆಯದು ಇನ್ನೂ ಒಳ್ಳೆಯ ಉದಾಹರಣೆ. ಮೊದಲಿಗೆ ಜಾವಾ ಮತ್ತು ಫ್ಲ್ಯಾಶ್‌ಗಳಲ್ಲಿದ್ದ ಆ ಪ್ರಯೋಗಗಳನ್ನು ಅವರ ತಂಡ ಒಂದೊಂದಾಗಿ ಹೊಸ ಮಾನಕಕ್ಕೆ ಬರೆದುಕೊಂಡಿತು. ಅವುಗಳಲ್ಲಿ ಹಲವು ಕನ್ನಡದಲ್ಲಿಯೂ ದೊರೆಯುತ್ತವೆ.

ಎರಡಕ್ಕೂ ಇರುವ ವ್ಯತ್ಯಾಸ ಗಮನಾರ್ಹ. ಮೂಲ ಕಡತವನ್ನು ಕಾಪಾಡಿಕೊಂಡವರು, ಕಾಲಕ್ಕೆ ತಕ್ಕಂತೆ ಮತ್ತೆ ಮತ್ತೆ ನಕಲು ಮಾಡಿದವರು ಉಳಿದರು. ಸಿದ್ಧಗೊಂಡ ಸಿ.ಡಿ.ಯನ್ನೇ ಶಾಶ್ವತವೆಂದು ನಂಬಿ ಕಪಾಟಿನಲ್ಲಿಟ್ಟವರು ಕಳೆದುಕೊಂಡರು.

ಈ ಪಾಠ ನಮ್ಮ ನೆಲಕ್ಕೆ ಹೊಸದೇನೂ ಅಲ್ಲ. ಹಿರೇಕೆರೂರು ತಾಲ್ಲೂಕಿನ ಅಬಲೂರು ಸರ್ವಜ್ಞನ ಊರೆಂದು ಪ್ರತೀತಿಯಿದೆ. ಆತನ ತ್ರಿಪದಿಗಳು ಶತಮಾನಗಳ ಕಾಲ ಜನರ ಬಾಯಲ್ಲಿ, ಓಲೆಗರಿಯಲ್ಲಿ ಬದುಕಿದವು. ಅವುಗಳನ್ನು ಊರೂರು ಅಲೆದು ಸಂಗ್ರಹಿಸಿ, ಪಾಠಗಳನ್ನು ಹೋಲಿಸಿ, 1924ರಲ್ಲಿ ಪುಸ್ತಕವಾಗಿ ಹೊರತಂದವರು ಬಾಸೆಲ್ ಮಿಶನ್ ಸಭೆಯ ಪಾದ್ರಿಗಳಾಗಿದ್ದ ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಅವರು ಮಾಡಿದ್ದೂ ಒಂದು ಮಾಧ್ಯಮದಿಂದ ಇನ್ನೊಂದು ಮಾಧ್ಯಮಕ್ಕೆ ದಾಟಿಸುವ ಕೆಲಸವೇ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಅವರು 'ಮಂಗಳೂರು ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರತಂದರು. ಕಲ್ಲಚ್ಚು ಹೋಯಿತು, ಆ ಕಾಗದವನ್ನು ಓದಲು ಮಾತ್ರ ಯಾವ ಪ್ಲೇಯರೂ ಬೇಕಿಲ್ಲ. ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಶರೀಫರ ಹಾಡುಗಳು ಉಳಿದದ್ದು ಹಾಡುವವರಿಂದ ಹಾಡುವವರಿಗೆ ಸಾಗಿದ್ದರಿಂದ. ಅದೇ ತಾಲ್ಲೂಕಿನ ಗೊಟಗೋಡಿಯಲ್ಲಿ ಇಂದು ಜಾನಪದ ವಿಶ್ವವಿದ್ಯಾಲಯವಿದೆ. ಬಾಯಿಮಾತಿನ ಸಂಪತ್ತನ್ನು ಕಾಯಲು ಒಂದು ವಿಶ್ವವಿದ್ಯಾಲಯವನ್ನೇ ಕಟ್ಟಿದ ನಾವು, ನಮ್ಮದೇ ತಲೆಮಾರು ಮಾಡಿದ ಪಾಠಗಳನ್ನು ಇಪ್ಪತ್ತು ವರ್ಷವೂ ಕಾಯಲಿಲ್ಲ.

ಹೆಸರಿನ ಪುಟ

ಆ ಸಂಜೆಯ ಕಥೆಗೆ ಮರಳುತ್ತೇನೆ. ನನ್ನ ಲ್ಯಾಪ್‌ಟಾಪಿನಲ್ಲಿ ಸಿ.ಡಿ. ಹಾಕುವ ಜಾಗವೇ ಇರಲಿಲ್ಲ. ಎರಡು ದಿನ ಹುಡುಕಿ ಒಂದು ಹಳೆಯ ಡ್ರೈವ್ ತಂದೆವು. ಮೊದಲೆರಡು ಸಲ ಅದು ತಿರುಗಿ ಸುಮ್ಮನಾಯಿತು. ಮೂರನೆಯ ಸಲ ಕಡತಗಳು ಕಂಡವು. ಬ್ರೌಸರಿನಲ್ಲಿ ತೆರೆದಾಗ ಖಾಲಿ ಚೌಕ ಮಾತ್ರ ಬಂದಿತು. ಕಂಪ್ಯೂಟರ್ ಬಲ್ಲ ಒಬ್ಬ ವಿದ್ಯಾರ್ಥಿ ರಫಲ್ ಅಳವಡಿಸಿಕೊಟ್ಟ. ಆಮೇಲೆ ನೀಲಿ ಗೆರೆ ಬೆಟ್ಟದಿಂದ ಮೆಲ್ಲನೆ ಹೊರಟಿತು.

ದನಿ ಕೇಳಿಸಿತು. ಅದೇ ಗಂಭೀರವಾದ, ನಡುನಡುವೆ ಮಕ್ಕಳನ್ನು ಮಾತಾಡಿಸುವ ಕಂಠ: "ಈಗ ಹೇಳ್ರಿ ನೋಡೋಣು, ಈ ಹೊಳಿ ಹೆಸರೇನು?" ಉತ್ತರಿಸುವ ಮಕ್ಕಳ ಗದ್ದಲವೂ ಅದರಲ್ಲಿತ್ತು. ಆ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಳಿತುಬಿಟ್ಟರು. ಆದರೆ ಪರದೆಯ ಮೇಲೆ ಒಂದಕ್ಷರವೂ ಕನ್ನಡವಾಗಿ ಮೂಡಲಿಲ್ಲ. ಊರುಗಳ ಹೆಸರಿದ್ದ ಕಡೆ ರೋಮನ್ ಅಕ್ಷರಗಳೂ, ತಲೆಯ ಮೇಲೆ ಗೀಟು ಹೊತ್ತ ವಿಚಿತ್ರ ಚಿಹ್ನೆಗಳೂ ತುಂಬಿದ್ದವು. ಕೊನೆಯ ಪುಟದಲ್ಲಿ, ಪಾಠ ಸಿದ್ಧಪಡಿಸಿದವರ ಹೆಸರು ಇರಬೇಕಾದ ಜಾಗದಲ್ಲಿಯೂ ಅದೇ ಗೋಜಲು. "ಇಲ್ಲೆ ಅವರ ಹೆಸರಿತ್ರಿ" ಎಂದು ಅವರು ಬೆರಳಿಟ್ಟು ತೋರಿಸಿದರು.

ಮೂಲ ಕಡತ ಸಿಕ್ಕಿದ್ದರೆ ಸರಿಪಡಿಸಬಹುದಿತ್ತು. ಆ ತರುಣನನ್ನು ಫೋನಿನಲ್ಲಿ ಹುಡುಕಿದೆ. ಹಳೆಯ ಕಂಪ್ಯೂಟರನ್ನು ಮಾರುವಾಗ ಅದರೊಳಗಿನ ಡಿಸ್ಕೂ ಹೋಯಿತೆಂದು ಅವನು ನೊಂದುಕೊಂಡ. ಯಾರನ್ನು ದೂರಲಿ? ಪ್ರತಿ ಕಳೆದವನು ನಾನೂ ಹೌದು.

ಸವಣೂರಿನ ದೊಡ್ಡಹುಣಸೆ ಮಠದ ಆವರಣದಲ್ಲಿರುವ ಪುರಾತನ ಮರಗಳನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. 2023ರ ಮಳೆಗಾಲದಲ್ಲಿ ಅವುಗಳಲ್ಲೊಂದು ಬುಡಸಮೇತ ಉರುಳಿತು. ಮುಗಿಯಿತೆಂದು ಕಡಿದು ಸಾಗಿಸದೆ ಅದನ್ನು ಮತ್ತೆ ನೆಟ್ಟು ನಿಲ್ಲಿಸಿದರು. ಉರುಳಿದ್ದೆಲ್ಲ ಸತ್ತಂತಲ್ಲ, ಆದರೆ ಎತ್ತುವ ಕೈಗಳು ಸಮಯಕ್ಕೆ ಬರಬೇಕು.

ಆದ್ದರಿಂದ ಓದುಗ ಕುಟುಂಬಗಳಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಕಪಾಟಿನಲ್ಲಿಯೂ ಮದುವೆಯ, ಮಕ್ಕಳ ಮೊದಲ ಪರಮಪ್ರಸಾದದ, ಶಾಲಾ ವಾರ್ಷಿಕೋತ್ಸವದ ಸಿ.ಡಿ.ಗಳಿರಬಹುದು. ಸಿ.ಡಿ. ಓದುವ ಯಂತ್ರಗಳು ಇನ್ನೂ ಸಿಗುತ್ತಿರುವಾಗಲೇ ಅವುಗಳನ್ನು ಎರಡು ಕಡೆ ನಕಲು ಮಾಡಿಸಿ. ಬರಹ, ನುಡಿಗಳ ಹಳೆಯ ಫಾಂಟಿನಲ್ಲಿರುವ ಬರೆಹಗಳನ್ನು ಯುನಿಕೋಡಿಗೆ ಪರಿವರ್ತಿಸಿ. ಯಾರದು, ಯಾವಾಗಿನದು, ಯಾರು ಮಾಡಿದ್ದು ಎಂಬುದನ್ನು ಕಾಗದದ ಮೇಲೆ ಬರೆದಿಡಿ. ನಮ್ಮ ಧರ್ಮಕೇಂದ್ರಗಳ ಹಳೆಯ ಜ್ಞಾನಸ್ನಾನದ ದಾಖಲೆ ಪುಸ್ತಕಗಳಲ್ಲಿ ಮಸಿಯಿಂದ ಬರೆದ ಹೆಸರುಗಳನ್ನು ಇಂದಿಗೂ ಓದಬಹುದು. ಬರೆದವರು ಮುಂದೆ ಓದುವವರನ್ನು ನೆನೆದು ಬರೆದಿದ್ದರು.

ಆ ಪಾಠದ ಧ್ವನಿಯನ್ನು ಬೇರ್ಪಡಿಸಿ ಒಂದು ಪೆನ್‌ಡ್ರೈವಿಗೂ ಆ ತಾಯಿಯ ಮಗನ ಮೊಬೈಲಿಗೂ ಹಾಕಿಕೊಟ್ಟೆವು. ಹೊರಡುವ ಮುನ್ನ ಅವರು ಒಂದು ಚೀಟಿ ಕೇಳಿ ಪಡೆದರು. ಅದರ ಮೇಲೆ ಪತಿಯ ಹೆಸರು, ಶಾಲೆಯ ಹೆಸರು, 2004 ಎಂಬ ಇಸವಿಯನ್ನು ತಮ್ಮ ಕೈಯಿಂದಲೇ ಬರೆದರು. ಅದನ್ನು ಪೆನ್‌ಡ್ರೈವಿಗೆ ದಾರದಿಂದ ಕಟ್ಟಿ, ಅದೇ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಹೊರಟರು.